ಅವರು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳಿ: ಮೈಸೂರಿನವರಿಗೆ ಒಂದು ಬಹಿರಂಗ ಪತ್ರ

ಮೈಸೂರಿನ ಅಣ್ಣಂದಿರೇ, ಅಕ್ಕಂದಿರೇ,

ನಮಸ್ಕಾರ. ನಾನು ಗೋಕುಲಂನಲ್ಲಿ ಇರುವವಳು. ಹನ್ನೊಂದು ವರ್ಷದಿಂದ ಮನೆಯಲ್ಲೇ ವಿದೇಶದವರಿಗೆ ಕನ್ನಡ ಹೇಳಿಕೊಡುತ್ತಿದ್ದೇನೆ. ಹೆಚ್ಚಿನವರು ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ, ಐರ್ಲೆಂಡ್ ಕಡೆಯವರು. ಇಂಗ್ಲಿಷೇ ಅವರ ಮನೆಮಾತು. ಯೋಗ ಕಲಿಯಲು ಬಂದವರಿದ್ದಾರೆ, ಸಂಶೋಧನೆಗೆ ಬಂದವರಿದ್ದಾರೆ, ಇಲ್ಲಿನವರನ್ನು ಮದುವೆಯಾಗಿ ಇಲ್ಲೇ ಉಳಿದವರಿದ್ದಾರೆ. ಅವರ ಬಗ್ಗೆ ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕು.

ಕಳೆದ ತಿಂಗಳು ಒಬ್ಬ ವಿದ್ಯಾರ್ಥಿನಿಯನ್ನು ದೇವರಾಜ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ಆಸ್ಟ್ರೇಲಿಯಾದ ಹುಡುಗಿ. ಒಂದು ವಾರ ಪೂರ್ತಿ ಒಂದೇ ವಾಕ್ಯ ಅಭ್ಯಾಸ ಮಾಡಿದ್ದಳು. "ಅಕ್ಕಾ, ಎರಡು ಮೊಳ ಮಲ್ಲಿಗೆ ಕೊಡಿ." ಮೊಳ ಅನ್ನುವಾಗ ನಾಲಗೆ ಮಡಿಸುವುದು ಅವಳಿಗೆ ತುಂಬಾ ಕಷ್ಟ. ರಾತ್ರಿ ಮಲಗುವ ಮುಂಚೆ ಕನ್ನಡಿ ಮುಂದೆ ನಿಂತು ಹೇಳಿಕೊಳ್ಳುತ್ತಿದ್ದಳಂತೆ. ನಾನು ಬೇಕೆಂದೇ ನಾಲ್ಕು ಹೆಜ್ಜೆ ಹಿಂದೆ ನಿಂತೆ. ಅವಳು ಸರಿಯಾಗಿಯೇ ಕೇಳಿದಳು. ಳ ಕೂಡ ಸರಿಯಾಗಿ ಬಂತು. ಹೂವಿನ ಅಕ್ಕ ತಲೆ ಎತ್ತಿ ನೋಡಿದರು, ನಕ್ಕರು, "ಸಿಕ್ಸ್ಟಿ ರುಪೀಸ್ ಮೇಡಂ" ಅಂದರು.

ಅವಳು ದುಡ್ಡು ಕೊಟ್ಟು ಹೂ ತೆಗೆದುಕೊಂಡು ಬಂದಳು. ಗಡಿಯಾರದ ಗೋಪುರ ದಾಟುವವರೆಗೆ ಸುಮ್ಮನಿದ್ದಳು. ಆಮೇಲೆ ಕೇಳಿದಳು, "ನಾನು ತಪ್ಪು ಹೇಳಿದೆನಾ?"

ಆ ಅಕ್ಕನನ್ನು ನಾನು ದೂರುತ್ತಿಲ್ಲ. ಅವರು ನಕ್ಕಿದ್ದು ಪ್ರೀತಿಯಿಂದ. ಇಂಗ್ಲಿಷ್ ಅಂದದ್ದೂ ಪ್ರೀತಿಯಿಂದಲೇ. ದೂರದಿಂದ ಬಂದ ಮಗು, ಯಾಕೆ ಕಷ್ಟಪಡಬೇಕು ಅಂತ. ಮನೆಗೆ ಬಂದವರಿಗೆ ನಾವು ಚಾಪೆ ಹಾಸಿ, ನೀರು ಕೊಟ್ಟು, ಫ್ಯಾನ್ ಹಾಕುತ್ತೇವಲ್ಲ, ಹಾಗೆ ಇಂಗ್ಲಿಷನ್ನೂ ಕೊಡುತ್ತೇವೆ. ಆದರೆ ಆ ಹುಡುಗಿಗೆ ಬೇಕಾಗಿದ್ದದ್ದು "ಅರವತ್ತು ರೂಪಾಯಿ" ಅನ್ನುವ ಎರಡು ಮಾತು. ಅದು ಅವಳಿಗೆ ಸಿಗಲಿಲ್ಲ.

ಇಂಗ್ಲಿಷಿನವರು ಎಲ್ಲಿಗೆ ಹೋದರೂ ಅಲ್ಲಿನ ಭಾಷೆ ಕಲಿಯುವುದಿಲ್ಲ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಅದರಲ್ಲಿ ನಿಜ ಇಲ್ಲ ಅಂತ ಹೇಳಲಾರೆ. ಹತ್ತು ಹದಿನೈದು ವರ್ಷದಿಂದ ವರ್ಷಕ್ಕೆ ಮೂರು ತಿಂಗಳು ಗೋಕುಲಂಗೆ ಬಂದು ಹೋಗುತ್ತಿರುವವರು ಗೊತ್ತು. ಅವರಿಗೆ ಬರುವುದು "ಎಳನೀರು" ಮತ್ತು "ಸ್ವಲ್ಪ ಸ್ವಲ್ಪ", ಅಷ್ಟೇ. ಪ್ರಯತ್ನವೇ ಮಾಡದವರ ಬಗ್ಗೆ ನನಗೆ ಬೇಜಾರಿದೆ, ಅದನ್ನು ಅವರ ಮುಖಕ್ಕೇ ಹೇಳಿದ್ದೇನೆ. ಆದರೆ ನನ್ನ ಮನೆ ಮೆಟ್ಟಿಲು ಹತ್ತಿ ಬರುವವರು ಬೇರೆ. ಅವರು ಪುಸ್ತಕ, ಪೆನ್ಸಿಲ್ ಹಿಡಿದು ಬರುತ್ತಾರೆ. ಆಸೆ ಇರುತ್ತದೆ. ಆರು ತಿಂಗಳಲ್ಲಿ ಅರ್ಧದಷ್ಟು ಜನ ಬಿಟ್ಟುಬಿಡುತ್ತಾರೆ. ಯಾಕೆ ಅಂತ ಕೇಳಿದರೆ ಹೆಚ್ಚುಕಡಿಮೆ ಎಲ್ಲರದೂ ಒಂದೇ ಉತ್ತರ. "ಟೀಚರ್, ಹೊರಗೆ ನನ್ನ ಹತ್ತಿರ ಯಾರೂ ಕನ್ನಡ ಮಾತಾಡುವುದಿಲ್ಲ."

ಇದರ ಹಿಂದಿನ ಲೆಕ್ಕವನ್ನು ಒಮ್ಮೆ ನೋಡಿ. ಅಮೆರಿಕ ಸರ್ಕಾರಕ್ಕೆ ತನ್ನ ರಾಯಭಾರ ಕಚೇರಿಗಳ ನೌಕರರಿಗೆ ಭಾಷೆ ಕಲಿಸುವ ಒಂದು ಸಂಸ್ಥೆ ಇದೆ, ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಅಂತ. ಇಂಗ್ಲಿಷ್ ಮನೆಮಾತಿನವರಿಗೆ ಯಾವ ಭಾಷೆ ಕಲಿಯಲು ಎಷ್ಟು ಸಮಯ ಬೇಕು ಅಂತ ಅವರು ಅನುಭವದಿಂದ ಪಟ್ಟಿ ಮಾಡಿದ್ದಾರೆ. ಡಚ್, ಸ್ಪ್ಯಾನಿಷ್ ಭಾಷೆಗಳಿಗೆ 24ರಿಂದ 30 ವಾರ. ತಮಿಳು, ತೆಲುಗಿಗೆ 44 ವಾರ, ಅಂದರೆ ಸುಮಾರು 1,100 ಗಂಟೆ ಪಾಠ. ಕನ್ನಡ ಆ ಎರಡರ ಒಡಹುಟ್ಟಿದ ಭಾಷೆ, ಅದಕ್ಕೂ ಹತ್ತಿರ ಹತ್ತಿರ ಅಷ್ಟೇ ಬೇಕು ಅಂತ ನನ್ನ ಅನುಭವ. ನನ್ನ ವಿದ್ಯಾರ್ಥಿಗಳು ವಾರಕ್ಕೆ ಎರಡು ಗಂಟೆ ಬರುತ್ತಾರೆ. ವರ್ಷವಿಡೀ ತಪ್ಪದೆ ಬಂದರೂ ನೂರು ಗಂಟೆ. ಉಳಿದ ಸಾವಿರ ಗಂಟೆ ಎಲ್ಲಿಂದ ಬರಬೇಕು? ಹಾಲಿನ ಬೂತಿನಿಂದ, ಆಟೋದಿಂದ, ತರಕಾರಿ ಗಾಡಿಯಿಂದ, ಪಕ್ಕದ ಮನೆಯ ಕಾಂಪೌಂಡಿನಿಂದ. ಅಂದರೆ ನಿಮ್ಮಿಂದ.

ಅವರು ಏನೇನು ದಾಟಿ ಬರಬೇಕು ಅನ್ನುವುದು ನಮಗೆ ಸುಲಭವಾಗಿ ಕಾಣುವುದಿಲ್ಲ. ನಾವು ಹುಟ್ಟಿದಾಗಿನಿಂದ ಇದರೊಳಗೇ ಇದ್ದೇವಲ್ಲ. ಇಂಗ್ಲಿಷಿನ ಕಿವಿಗೆ ಹಾಲು, ಹಾಳು ಎರಡೂ ಒಂದೇ. ಬೆಲೆ, ಬೆಳೆ ಒಂದೇ. ಮನೆ, ಮಣೆ ಒಂದೇ. ಒತ್ತಕ್ಷರ ಇನ್ನೂ ಕಷ್ಟ. ಅಕ್ಕಿ ಅನ್ನುವಾಗ ಒಂದು ಕ್ಷಣ ನಿಲ್ಲಬೇಕು ಅನ್ನುವುದು ಅವರಿಗೆ ಹೊಳೆಯುವುದೇ ಇಲ್ಲ. ಹೋಗು ಅನ್ನುವಾಗ ಆ ಓ ಅವರ ಬಾಯಲ್ಲಿ ನೇರವಾಗಿ ನಿಲ್ಲದೆ ಊ ಕಡೆಗೆ ಜಾರುತ್ತದೆ. ಕ್ರಿಯಾಪದ ಕೊನೆಗೆ ಬರುವುದರಿಂದ ವಾಕ್ಯ ಮುಗಿಯುವವರೆಗೂ ಉಸಿರು ಹಿಡಿದು ಕಾಯಬೇಕು. ಇದೆಲ್ಲ ಆದಮೇಲೆ "ನನಗೆ" ಬರುತ್ತದೆ. ಅವರ ಭಾಷೆಯಲ್ಲಿ ಹಸಿವಿಗೂ ನೆನಪಿಗೂ ಇಷ್ಟಕ್ಕೂ ಎಲ್ಲದಕ್ಕೂ "ನಾನು" ಮುಂದೆ ನಿಲ್ಲುತ್ತದೆ. ನಮ್ಮಲ್ಲಿ ನನಗೆ ಹಸಿವಾಗುತ್ತದೆ, ನನಗೆ ನೆನಪಾಗುತ್ತದೆ, ನನಗೆ ಕನ್ನಡ ಬರುತ್ತದೆ. ಒಬ್ಬ ಐರಿಷ್ ಮೇಷ್ಟ್ರು, ಅರವತ್ತು ದಾಟಿದವರು, ಇದನ್ನು ಕಲಿತ ದಿನ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. "ಹಾಗಾದರೆ ಕನ್ನಡ ನನ್ನ ಹತ್ತಿರ ಬರಬೇಕು, ಅಲ್ವಾ?" ಅಂದರು. ಹೌದು ಮೇಷ್ಟ್ರೇ ಅಂದೆ. ಅವರು ಮನೆಗೆ ಹೋದಮೇಲೂ ಆ ಮಾತು ನನ್ನ ತಲೆಯಲ್ಲೇ ಉಳಿಯಿತು.

ಇನ್ನೊಂದು ತೊಡಕು ನಾವೇ ಮಾಡಿಟ್ಟದ್ದು. ನಾನು ಅವರಿಗೆ ಕೆಂಪು, ಹಸಿರು, ಹಳದಿ ಕಲಿಸುತ್ತೇನೆ. ಬಟ್ಟೆ ಅಂಗಡಿಯಲ್ಲಿ "ಎಲ್ಲೋ ಕಲರ್ ತೋರಿಸ್ಲಾ?" ಅನ್ನುತ್ತಾರೆ. ಹುರುಳಿಕಾಯಿ ಕಲಿಸುತ್ತೇನೆ, ಗಾಡಿಯವರು ಬೀನ್ಸ್ ಅನ್ನುತ್ತಾರೆ. ಅನ್ನ ಕೇಳಿದರೆ ಹೋಟೆಲಿನಲ್ಲಿ "ವೈಟ್ ರೈಸಾ ಸಾರ್?" ಅಂತ ಕೇಳುತ್ತಾರೆ. ಒಂದರಿಂದ ನೂರರವರೆಗೆ ಕಷ್ಟಪಟ್ಟು ಬಾಯಿಪಾಠ ಮಾಡಿದವರಿಗೆ ಎಪ್ಪತ್ತೈದು ಅನ್ನುವ ಶಬ್ದ ಇಡೀ ವಾರ ಎಲ್ಲೂ ಕಿವಿಗೆ ಬೀಳುವುದಿಲ್ಲ. ನಮ್ಮ ನಮ್ಮಲ್ಲೇ ಮಾತಾಡುವಾಗಲೂ ನಾವು ಸಂಖ್ಯೆಗಳನ್ನು ಬಿಟ್ಟುಕೊಟ್ಟಿದ್ದೇವೆ. ಅವರು ನನ್ನನ್ನು ಕೇಳುತ್ತಾರೆ, "ನೀವು ಕಲಿಸುವ ಕನ್ನಡ ಯಾವ ಊರಿನದು?" ಅದಕ್ಕೆ ಉತ್ತರ ಕೊಡುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಈಗ ನನ್ನ ಎಲ್ಲಾ ವಿದ್ಯಾರ್ಥಿಗಳಲ್ಲಿ ಕನ್ನಡ ಚೆನ್ನಾಗಿ ಬಂದವಳ ವಿಷಯ ಹೇಳುತ್ತೇನೆ. ಅವಳು ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯವಳು. ಸರಸ್ವತಿಪುರಂನ ಒಂದು ಮನೆಗೆ ಸೊಸೆಯಾಗಿ ಬಂದಳು. ಗಂಡನಿಗೆ ಇಂಗ್ಲಿಷ್ ಬರುತ್ತದೆ. ಮಾವನಿಗೆ ಬರುತ್ತದೆ. ನಾದಿನಿಗೂ ಬರುತ್ತದೆ. ಎಲ್ಲರೂ ಅವಳ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು, ಅವಳಿಗೆ ಕಷ್ಟವಾಗಬಾರದು ಅಂತ. ಆ ಮನೆಯಲ್ಲಿ ಇಂಗ್ಲಿಷ್ ಬಾರದವರು ಒಬ್ಬರೇ, ಅವಳ ಅತ್ತೆ.

ನನ್ನ ಹತ್ತಿರ ಅವಳು ಪಾಠಕ್ಕೆ ಬಂದದ್ದು ಎಂಟು ತಿಂಗಳು ಮಾತ್ರ. ಅತ್ತೆಯ ಹತ್ತಿರ ಒಂಬತ್ತು ವರ್ಷ. ಅಡುಗೆಮನೆಯಲ್ಲಿ ನಿಂತು "ಇದು ಹುಳಿ, ಇದು ಸಾರು, ಎರಡೂ ಬೇರೆ ಬೇರೆ" ಅಂತ ಶುರುವಾಯಿತು. ಸೌಟು ಎತ್ತಿ ತೋರಿಸಿ ಸೌಟು. ಈಳಿಗೆಮಣೆ ತೋರಿಸಿ ಈಳಿಗೆಮಣೆ. ಒಗ್ಗರಣೆ ಚಟಪಟ ಅಂದಾಗ "ಸಿಡೀತು ನೋಡು, ಈಗ ಕರಿಬೇವು ಹಾಕು." ಅವಳು "ಅತ್ತೆ ಬಂದಳು" ಅಂದರೆ, "ಬಂದಳು ಅಲ್ಲಮ್ಮ, ಬಂದರು" ಅಂತ ಅಲ್ಲೇ ತಿದ್ದುತ್ತಿದ್ದರು. ನಗುತ್ತಿರಲಿಲ್ಲ. ಕೋಪವೂ ಇಲ್ಲ. ತಿದ್ದಿ, ಮುಂದಿನ ಮಾತಿಗೆ ಹೋಗುತ್ತಿದ್ದರು. ಹತ್ತು ಸಲ ತಪ್ಪಿದರೆ ಹತ್ತು ಸಲ. ಅವರು ಕಲಿಸಬೇಕು ಅಂತ ಕಲಿಸಿದ್ದಲ್ಲ. ಅವರಿಗೆ ಸೊಸೆಯ ಹತ್ತಿರ ಮಾತಾಡಬೇಕಿತ್ತು, ಬೇರೆ ದಾರಿ ಇರಲಿಲ್ಲ.

ಎರಡು ವರ್ಷದ ಹಿಂದೆ ಅವರಿಗೆ ಎದೆನೋವು ಬಂತು. ಮಗ ಊರಲ್ಲಿರಲಿಲ್ಲ. ಸೊಸೆಯೇ ಆಸ್ಪತ್ರೆಗೆ ಸೇರಿಸಿದಳು. ನಾನು ಸಂಜೆ ನೋಡಲು ಹೋಗಿದ್ದೆ. ಡಾಕ್ಟರು ಸೊಸೆಗೆ ಇಂಗ್ಲಿಷಿನಲ್ಲಿ ಎಲ್ಲಾ ವಿವರಿಸಿ ಹೋದರು. ಮಂಚದ ಮೇಲಿನಿಂದ ಅತ್ತೆ ಕೇಳಿದರು, "ಏನಂದ್ರಮ್ಮ ಡಾಕ್ಟ್ರು?" ಅವಳು ಅವರ ಕೈ ಹಿಡಿದು ಹೇಳಿದಳು, "ಒಂದು ರಕ್ತನಾಳ ಕಟ್ಟಿಕೊಂಡಿದೆಯಂತೆ ಅತ್ತೆ. ನಾಳೆ ಬೆಳಿಗ್ಗೆ ಸರಿ ಮಾಡ್ತಾರಂತೆ. ನೀವು ಹೆದರಬೇಡಿ, ನಾನು ಇಲ್ಲೇ ಮಲಗ್ತೀನಿ."

ಆ "ಅಂತೆ" ಇದೆಯಲ್ಲ, ಅದು ಇಂಗ್ಲಿಷಿನಲ್ಲಿ ಇಲ್ಲ. ಬೇರೆಯವರು ಹೇಳಿದ್ದನ್ನು ನಾನು ಹೇಳುತ್ತಿದ್ದೇನೆ ಅನ್ನುವುದನ್ನು ನಾವು ಒಂದು ಚಿಕ್ಕ ಬಾಲದಲ್ಲಿ ಹೇಳಿಬಿಡುತ್ತೇವೆ. ನಾನು ಅದನ್ನು ಅವಳಿಗೆ ಕಲಿಸಿರಲಿಲ್ಲ. ಎಂಟು ತಿಂಗಳ ಪಾಠದಲ್ಲಿ ಅಲ್ಲಿಗೆ ತಲುಪಲು ಆಗುವುದೇ ಇಲ್ಲ. ಅತ್ತೆ ಗುಣವಾಗಿ ಮನೆಗೆ ಬಂದರು, ಈಗ ಚೆನ್ನಾಗಿದ್ದಾರೆ. ಆ ದಿನ ಮನೆಗೆ ಬರುವಾಗ ಬಸ್ಸಿನಲ್ಲಿ ಕೂತು ನಾನು ಅತ್ತುಬಿಟ್ಟೆ, ಯಾಕೆ ಅಂತ ಸರಿಯಾಗಿ ಹೇಳಲಾರೆ.

ಹಳೆಯ ಕಾಲದಲ್ಲೂ ಹೀಗೆಯೇ ಇತ್ತು. 1812ರಲ್ಲಿ ಕಂಪನಿ ಸರ್ಕಾರ ಮದರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ತೆರೆಯಿತು. ಇಂಗ್ಲೆಂಡಿನಿಂದ ಬಂದು ಹಡಗಿಳಿದ ಹುಡುಗರು ಅಲ್ಲಿ ತಮಿಳು, ತೆಲುಗು, ಕನ್ನಡದಂಥ ಇಲ್ಲಿನ ಭಾಷೆಗಳನ್ನು ಕಲಿತು ಪರೀಕ್ಷೆ ಕೊಡಬೇಕಿತ್ತು. 1817ರಲ್ಲಿ ವಿಲಿಯಂ ಕೇರಿ, 1820ರಲ್ಲಿ ಜಾನ್ ಮೆಕೆರೆಲ್ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಇಂಗ್ಲಿಷ್ ಅಧಿಕಾರಿ. ನಮ್ಮ ಶಾಸನಗಳನ್ನು ಊರೂರು ಸುತ್ತಿ ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ಮನೆಮಾತೂ ಇಂಗ್ಲಿಷೇ. ಅವರು 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ನಾವು ಯಾವಾಗಲೂ ನೆನೆಯುವ ಕಿಟೆಲ್ ಅವರನ್ನು ಇಲ್ಲಿ ಸೇರಿಸುತ್ತಿಲ್ಲ, ಅವರು ಜರ್ಮನಿಯವರು.

ಆ ಅಧಿಕಾರಿಗಳು ಕಲಿತದ್ದು ನಮ್ಮ ಮೇಲಿನ ಪ್ರೀತಿಯಿಂದ ಅಂತ ನಾನು ಹೇಳುವುದಿಲ್ಲ. ಕಂದಾಯ ಎತ್ತಬೇಕಿತ್ತು, ನ್ಯಾಯ ಹೇಳಬೇಕಿತ್ತು, ಆಳಬೇಕಿತ್ತು. ನಾನು ಹೇಳುವುದು ಇಷ್ಟೇ. ಇಂಗ್ಲಿಷ್ ಮನೆಮಾತಿನವರ ನಾಲಗೆಗೆ ಕನ್ನಡ ಆಗುವುದಿಲ್ಲ ಅನ್ನುವುದು ಸುಳ್ಳು. ಆಗ ಹಳ್ಳಿಯ ಶಾನುಭೋಗರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸರಸ್ವತಿಪುರಂನ ಅತ್ತೆಗೆ ಬಾರದ ಹಾಗೆ.

ಈಗ ಜಗತ್ತೆಲ್ಲ ಇಂಗ್ಲಿಷ್ ಮನೆಮಾತಿನವರಿಗೆ ದಾರಿ ಬಿಟ್ಟುಕೊಡುತ್ತದೆ. ಮದುವೆಯಾಗಿ ಜರ್ಮನಿಗೆ ಹೋಗುವ ನಮ್ಮ ಹುಡುಗಿ ಸಾಮಾನ್ಯವಾಗಿ ವೀಸಾಕ್ಕೆ ಮೊದಲೇ ಎ1 ಅನ್ನುವ ಮೊದಲ ಮಟ್ಟದ ಜರ್ಮನ್ ಪರೀಕ್ಷೆ ಪಾಸಾಗಿರಬೇಕು. ಕೆಲವು ಬಗೆಯ ಉದ್ಯೋಗದವರ ಸಂಗಾತಿಗಳಿಗೆ ಮಾತ್ರ ಅದು ಬೇಡ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪೌರರಿಗೆ ಆ ಪರೀಕ್ಷೆಯಿಂದ ವಿನಾಯಿತಿ ಇದೆ. ಜಪಾನ್, ಕೊರಿಯಾದಂಥ ಕೆಲವು ದೇಶಗಳವರಿಗೂ ಇದೆ. ಅದೇ ಬ್ರಿಟನ್ನಿನಲ್ಲಿ ಶಾಶ್ವತವಾಗಿ ನೆಲೆಸಬೇಕು ಅಂದರೆ ನಮ್ಮವರು ಇಂಗ್ಲಿಷ್ ಬರುತ್ತದೆ ಅಂತ ತೋರಿಸಬೇಕು. ನೆದರ್ಲೆಂಡ್ಸಿನಲ್ಲಿ ಇದ್ದು ಬಂದ ಒಬ್ಬ ವಿದ್ಯಾರ್ಥಿ ಹೇಳಿದ್ದು, ಅಲ್ಲಿ ಡಚ್‌ನಲ್ಲಿ ಒಂದು ವಾಕ್ಯ ತಡವರಿಸಿದರೆ ಸಾಕು, ಎದುರಿನವರು ತಕ್ಷಣ ಇಂಗ್ಲಿಷಿಗೆ ತಿರುಗುತ್ತಾರಂತೆ. ನಾಲ್ಕು ವರ್ಷ ಇದ್ದರೂ ಅವನಿಗೆ ಡಚ್ ಬರಲಿಲ್ಲ. ಅವನಿಗೆ ಅದರ ಬಗ್ಗೆ ಈಗಲೂ ನಾಚಿಕೆ ಇದೆ. ಮೈಸೂರಿನಲ್ಲೂ ಹಾಗೇ ಆಗಬಾರದು ಅಂತ ನನ್ನ ಹತ್ತಿರ ಬಂದ.

ಇಲ್ಲಿ ನಾವು ಇನ್ನೊಂದು ವಿಷಯವನ್ನೂ ಪ್ರಾಮಾಣಿಕವಾಗಿ ನೋಡಬೇಕು. ನಮ್ಮ ಬೀದಿಯಲ್ಲಿ ಮನೆ ಕಟ್ಟುವ ಕೆಲಸಕ್ಕೆ ಬಂದ ಒಡಿಶಾದ ಹುಡುಗ ವರ್ಷದೊಳಗೆ "ಮರಳು ಖಾಲಿ ಆಯ್ತಣ್ಣ" ಅನ್ನುವಷ್ಟು ಕಲಿತ. ಬೈಲುಕುಪ್ಪೆಯಲ್ಲಿ ಟಿಬೆಟನ್ನರ ಅಂಗಡಿಗೆ ಹೋಗಿ, ಎಷ್ಟೋ ಜನ ನಮ್ಮ ಹತ್ತಿರ ಚೆನ್ನಾಗಿ ಕನ್ನಡ ಮಾತಾಡುತ್ತಾರೆ. 1960ರ ದಶಕದ ಶುರುವಿನಿಂದ ಅವರು ಅಲ್ಲಿದ್ದಾರೆ. ಅವರಿಂದ ನಾವು ಕನ್ನಡ ನಿರೀಕ್ಷಿಸಿದೆವು, ಅವರು ಕಲಿತರು. ಬಿಳಿಯ ಮುಖ ಕಂಡ ತಕ್ಷಣ ಆ ನಿರೀಕ್ಷೆಯನ್ನೇ ಬಿಡುತ್ತೇವೆ. ಇದು ಅತಿಥಿ ಸತ್ಕಾರ ಒಂದೇ ಅಲ್ಲ. ನಮ್ಮ ಭಾಷೆ ಅವರಿಗೆ ಯಾಕೆ ಬೇಕು ಅನ್ನುವ ಒಂದು ಕೀಳರಿಮೆ ಅದರೊಳಗೆ ಸೇರಿಕೊಂಡಿದೆ. ನನ್ನಲ್ಲೂ ಇತ್ತು. ಮೊದಲ ಎರಡು ವರ್ಷ ಕನ್ನಡದ ಪಾಠವನ್ನು ನಾನು ಪೂರ್ತಿ ಇಂಗ್ಲಿಷಿನಲ್ಲೇ ಮಾಡುತ್ತಿದ್ದೆ. ಒಬ್ಬ ವಿದ್ಯಾರ್ಥಿನಿ "ಟೀಚರ್, ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ಆದರೆ ನಾನು ಅದಕ್ಕೆ ಬಂದಿಲ್ಲ" ಅಂದಮೇಲೆ ಬದಲಾಯಿಸಿದೆ.

ಹಾಗಾಗಿ ಒಂದು ವಿನಂತಿ. ಅವರು ಕನ್ನಡದಲ್ಲಿ ಕೇಳಿದರೆ ದಯವಿಟ್ಟು ಕನ್ನಡದಲ್ಲೇ ಉತ್ತರ ಕೊಡಿ. ನಿಧಾನವಾಗಿ ಹೇಳಿ. ಅರ್ಥವಾಗದಿದ್ದರೆ ಅದನ್ನೇ ಇನ್ನೊಂದು ಸಲ ಹೇಳಿ, ಬೆರಳು ಮಡಿಸಿ ತೋರಿಸಿ. ಆಗಲೂ ಆಗದಿದ್ದರೆ ಇಂಗ್ಲಿಷ್ ಇದ್ದೇ ಇದೆ. ತುರ್ತು ಇದ್ದಾಗ, ಯಾರಿಗೋ ಮೈ ಸರಿ ಇಲ್ಲದಾಗ ಇದೆಲ್ಲ ಬೇಡ, ಯಾವ ಭಾಷೆಯಲ್ಲಾದರೂ ಸಹಾಯ ಮಾಡಿ. ಆದರೆ ಹೂವಿಗೆ, ಹಾಲಿಗೆ, ಆಟೋಗೆ ಅಂಥ ಅವಸರ ಏನೂ ಇಲ್ಲ, ಅಲ್ವಾ?

ನಗಬೇಡಿ ಅಂತ ಕೂಡ ಕೇಳಿಕೊಳ್ಳುತ್ತೇನೆ. ನಿಮ್ಮ ನಗುವಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ನನಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಐವತ್ತು ವರ್ಷದ ಮನುಷ್ಯ ಮಗುವಿನ ಹಾಗೆ ತೊದಲುವುದಕ್ಕೆ ತುಂಬಾ ಧೈರ್ಯ ಬೇಕು. ಅಜ್ಜಂದಿರಿಗೆ "ಬಾ" ಅಂದುಬಿಟ್ಟರೆ ಬೇಜಾರು ಮಾಡಿಕೊಳ್ಳದೆ "ಬನ್ನಿ ಅನ್ನಬೇಕಪ್ಪ" ಅಂತ ಹೇಳಿ. ಅವರ ಭಾಷೆಯಲ್ಲಿ ನೀನು, ನೀವು ಎರಡಕ್ಕೂ ಒಂದೇ ಮಾತು. ನಿಮ್ಮನ್ನು ಏನಂತ ಕರೆಯಬೇಕು ಅಂತಲೂ ಅವರಿಗೆ ತಿಳಿಯುವುದಿಲ್ಲ. ಅಣ್ಣ ಅನ್ನು, ಅಜ್ಜಿ ಅನ್ನು ಅಂತ ನೀವೇ ಹೇಳಿಬಿಡಿ. ಅದನ್ನು ಹೇಳಿಸಿಕೊಂಡ ದಿನ ಅವರು ಪಾಠಕ್ಕೆ ಬರುವಾಗ ಮುಖವೇ ಬೇರೆ ಇರುತ್ತದೆ.

ಕನ್ನಡ ಅಭಿವೃದ್ಧಿ ಪ್ರಾಧಿಕಾರದವರಿಗೂ ಒಂದು ಮಾತು. ಭಾರತೀಯ ಭಾಷಾ ಸಂಸ್ಥಾನ 1969ರಿಂದ ನಮ್ಮ ಊರಿನಲ್ಲೇ ಇದೆ. ಭಾಷೆ ಕಲಿಸುವ ಅನುಭವ ಅಲ್ಲಿ ಬೇಕಾದಷ್ಟಿದೆ. ಆದರೆ ಗೋಕುಲಂನ ಬಾಡಿಗೆ ಮನೆಯಲ್ಲಿ ಮೂರು ತಿಂಗಳು ಇರುವವರ ಕೈಗೆ ಸಿಗುವ ಪುಸ್ತಕಗಳಲ್ಲಿ "ಹೋಗುತ್ತೇನೆ" ಇರುತ್ತದೆ, ಬೀದಿಯಲ್ಲಿ "ಹೋಗ್ತೀನಿ" ಇರುತ್ತದೆ. ಆಡುಮಾತಿನ ಕನ್ನಡದ ಒಂದು ಚಿಕ್ಕ ಪುಸ್ತಕ, ಜೊತೆಗೆ ಮೊಬೈಲಿನಲ್ಲಿ ಕೇಳುವ ಹಾಗೆ ಧ್ವನಿ, ಇಷ್ಟು ಮಾಡಿಕೊಡಿ. ಮೈಸೂರಿನ ಹೂವಿನವರ, ಆಟೋದವರ ದನಿಯಲ್ಲೇ ಮಾಡಿ. ನಾನು ಸಂಬಳ ಇಲ್ಲದೆ ಕೆಲಸ ಮಾಡಲು ತಯಾರಿದ್ದೇನೆ.

ಮುಂದಿನ ಶನಿವಾರ ಬೆಳಿಗ್ಗೆ ಏಳೂವರೆಗೆ ನನ್ನ ಆರು ಜನ ವಿದ್ಯಾರ್ಥಿಗಳು ದೇವರಾಜ ಮಾರ್ಕೆಟ್ಟಿಗೆ ಬರುತ್ತಾರೆ. ನಾನು ಹೊರಗಡೆಯೇ ನಿಲ್ಲುತ್ತೇನೆ. ಅವರ ಕೈಯಲ್ಲಿ ಚೀಟಿ ಇರುತ್ತದೆ: ಕಾಲು ಕೆಜಿ ಹುರುಳಿಕಾಯಿ, ಒಂದು ಕಟ್ಟು ಕೊತ್ತಂಬರಿ, ಆರು ರಸಬಾಳೆ, ಒಂದು ಕಟ್ಟು ವೀಳ್ಯದೆಲೆ, ಎರಡು ಮೊಳ ಮಲ್ಲಿಗೆ. ಆ ಆಸ್ಟ್ರೇಲಿಯಾದ ಹುಡುಗಿಯೂ ಇರುತ್ತಾಳೆ. ಮತ್ತೆ ಅದೇ ಹೂವಿನ ಅಕ್ಕನ ಹತ್ತಿರವೇ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ.

ಇಂತಿ ನಿಮ್ಮ,
ಗೋಕುಲಂನ ಕನ್ನಡ ಟೀಚರ್